ವಾರಿಜಕ್ಕನ ಹತ್ತು ಬೆರಳು

ಕೋಡಿಂಬಾಳದ ತಿರುವಿನಲ್ಲಿ ಆಟೋ ನಿಲ್ಲುವ ಮೊದಲೇ ವಾರಿಜಕ್ಕ ರಸ್ತೆಬದಿಗೆ ಬಂದು ನಿಂತಿದ್ದರು. ಮದುವೆಗೆ ಮಾತ್ರ ಉಡುವ ನೀಲಿ ಸೀರೆ, ಹೆಗಲಿಗೆ ಮಗಳ ಶಾಲೆಯ ಹಳೆ ಚೀಲ, ಕೈಯಲ್ಲಿ ಸ್ಟೀಲಿನ ಬುತ್ತಿ. ಫೆಬ್ರವರಿಯ ಕೊನೆಯ ವಾರ. ಬೆಳಗಿನ ಮಂಜು ರಬ್ಬರ್ ಮರಗಳ ಬುಡದಲ್ಲಿ ಇನ್ನೂ ಉಳಿದಿತ್ತು. ಆಟೋ ಹತ್ತಿ ಕುಳಿತವರೇ ಬುತ್ತಿಯನ್ನು ನನ್ನ ಮಡಿಲಿಗಿಟ್ಟು, ಎರಡೂ ಕೈಗಳನ್ನು ನನ್ನ ಮುಂದೆ ಚಾಚಿದರು.

“ನೋಡು ಸಾಜಿ, ಹೇಗುಂಟು? ಮದುಮಗಳ ಕೈ!”

ನೋಡಿದೆ. ಹತ್ತು ಬೆರಳಿನ ತುದಿಗಳೂ ಹೊಳೆಗಲ್ಲಿನ ಹಾಗೆ ನುಣ್ಣಗೆ ಹೊಳೆಯುತ್ತಿದ್ದವು. ಅವು ಹೊಳೆಯಬಾರದಿತ್ತು.

ನಾವು ಹೊರಟದ್ದು ಮಂಗಳೂರಿಗೆ, ಆ ಬೆರಳುಗಳ ಅಚ್ಚು ಕೊಡುವುದಕ್ಕೆ. ಸುಳ್ಯದ ನಮ್ಮ ಹೆಂಗಸರ ಹಗ್ಗಜಗ್ಗಾಟದ ತಂಡವನ್ನು ಮೇ ತಿಂಗಳಲ್ಲಿ ಬ್ರಿಟನ್ನಿನ ಒಂದು ಊರಿನ ಪಂದ್ಯಕ್ಕೆ ಕರೆದಿದ್ದರು. ಹಗ್ಗ ಹಿಡಿಯುವವರು ಎಂಟು ಮಂದಿ, ಬದಲಿಗೆ ಒಬ್ಬಳು. ಆ ಒಂಬತ್ತನೆಯವಳು ನಾನು. ಪುತ್ತೂರಿನ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುವ ನನಗೆ ತಂಡದ ಅರ್ಜಿಗಳನ್ನು ತುಂಬುವ ಕೆಲಸವೂ ಬಂದಿತ್ತು. ವಾರಿಜಕ್ಕ ನಮ್ಮ ಆ್ಯಂಕರ್. ಸಾಲಿನ ಕಟ್ಟಕಡೆಗೆ, ಹಗ್ಗವನ್ನು ಕಂಕುಳಡಿಯಿಂದ ಬೆನ್ನಿಗೆ ಹಾಯಿಸಿ ಹೆಗಲ ಮೇಲಿಂದ ಇಳಿಸಿಕೊಂಡು, ಹಿಮ್ಮಡಿ ಊರಿ ನಿಲ್ಲುವವರು. ಮುಂದಿನ ಏಳು ಮಂದಿ ಜಾರಿದರೂ ಅವರು ಜಾರಬಾರದು. ಹನ್ನೆರಡು ವರ್ಷದಿಂದ ಆ ಜಾಗ ಅವರದು. ನಮ್ಮ ಕಡೆಯ ಮೈದಾನಗಳಲ್ಲಿ ಎದುರಾಳಿಗಳು ಮೊದಲು ನೋಡುವುದು ಸಾಲಿನ ತುದಿಯಲ್ಲಿ ಅವರು ಇದ್ದಾರೋ ಇಲ್ಲವೋ ಎಂದು.

ಬ್ರಿಟನ್ನಿಗೆ ಹೋಗುವವರು ಅರ್ಜಿ, ಪಾಸ್‌ಪೋರ್ಟು ಕೊಟ್ಟರೆ ಸಾಲದು. ಖುದ್ದಾಗಿ ಹಾಜರಾಗಿ ಮುಖದ ಫೋಟೊ ಮತ್ತು ಹತ್ತು ಬೆರಳುಗಳ ಅಚ್ಚು ಕೊಡಬೇಕು. ಮಂಗಳೂರಿನ ಒಂದು ಹೋಟೆಲಿನ ಮಹಡಿಯಲ್ಲಿ ಇದಕ್ಕಾಗಿ ತಾತ್ಕಾಲಿಕ ಕೇಂದ್ರ ತೆರೆದಿದ್ದರು. ಮೂರು ವಾರದ ಹಿಂದೆ ಒಂಬತ್ತು ಮಂದಿಯೂ ಒಟ್ಟಿಗೆ ಹೋಗಿದ್ದೆವು. ನನ್ನ ಬೆರಳು ಒಂದೇ ಸಲಕ್ಕೆ ಬಂತು. ಅದರಲ್ಲಿ ಹೆಮ್ಮೆಪಡುವಂಥದ್ದೇನೂ ಇರಲಿಲ್ಲ. ಉಳಿದವರದ್ದೂ ಸ್ವಲ್ಪ ಹೆಚ್ಚುಕಡಿಮೆಯಾಗಿ ಬಂತು. ವಾರಿಜಕ್ಕನದು ಬರಲಿಲ್ಲ. ಅವರು ಹತ್ತಿರದ ತೋಟವೊಂದರ ರಬ್ಬರ್ ಮರಗಳನ್ನು ಕೆತ್ತಿ ಹಾಲಿಳಿಸುವ ಟ್ಯಾಪಿಂಗ್ ಕೆಲಸವನ್ನು ಪಾಲಿಗೆ ಮಾಡುತ್ತಾರೆ. ಹಾಲು ಗಟ್ಟಿಯಾಗಲೆಂದು ಬೆರೆಸುವ ಆ್ಯಸಿಡ್ಡಿನಲ್ಲಿ ಕೈಯಾಡಿಸಿ ಬೆರಳಿನ ಗೆರೆಗಳೆಲ್ಲ ಸವೆದಿದ್ದವು. ಪರದೆಯ ಮೇಲೆ ಕಂಡದ್ದು ಬರೀ ಬೂದು ಮಚ್ಚೆ. “ಚರ್ಮ ಕೂಡಲಿ, ಮೂರು ವಾರ ಬಿಟ್ಟು ಬನ್ನಿ,” ಎಂದಿದ್ದರು. ಆ ಮೂರು ವಾರದ ಕೊನೆಯ ದಿನವೇ ಅಂದು. ಇದಾದ ಮೇಲೆ ಆ ಕೇಂದ್ರ ಮುಚ್ಚುತ್ತಿತ್ತು. ಬೆಂಗಳೂರಿನ ಕೇಂದ್ರದಲ್ಲಿ ಪಂದ್ಯಕ್ಕೆ ಮೊದಲು ಯಾವ ದಿನವೂ ಖಾಲಿ ಇರಲಿಲ್ಲ.

“ಎಂತ ಮಾಡಿದ್ರಿ ಅಕ್ಕ ಕೈಗೆ?” ಎಂದು ಕೇಳಿದೆ.

“ಎಂತ ಮಾಡುದು? ಮೂರು ವಾರ ಟ್ಯಾಪಿಂಗ್ ಕತ್ತಿ ಮುಟ್ಟಲಿಲ್ಲ. ಎಲ್ಲ ಗಂಡನೇ ಮಾಡಿದ್ದು. ನೀನು ಹೇಳಿದ ಹಾಗೆ ದಿನಾ ತೆಂಗಿನೆಣ್ಣೆ ಹಚ್ಚಿದೆ. ಪಾತ್ರೆ ತೊಳೆಯುದಕ್ಕೂ ಕೈಗವಸು. ಅತ್ತೆ ಹೇಳಿದ್ರು, ಇವಳೀಗ ಡಾಕ್ಟ್ರು ಅಂತ.”

“ಮತ್ತೆ ಈ ಹೊಳಪು?”

ಅವರು ಬುತ್ತಿಯ ಕಡೆಗೆ ಗಲ್ಲ ತೋರಿಸಿದರು. “ನಿನ್ನೆ ಎಳೆ ಗೇರುಬೀಜ ಸಿಕ್ಕಿತು. ನಿನಗೆ ಗೇರುಬೀಜದ ಪಲ್ಯ ಅಂದ್ರೆ ಜೀವ ಅಲ್ವಾ. ಸೀಳಿದೆ. ಸೊನೆ ತಾಗಿ ಬೆರಳೆಲ್ಲ ಕಪ್ಪು. ಕಪ್ಪು ಕೈ ತೋರಿಸಿದ್ರೆ ಅವರು ಎಂತ ಹೇಳಿಯಾರು? ಹಾಗೆ ಹುಣಸೆಹುಳಿ, ಬೂದಿ, ತೆಂಗಿನ ನಾರು ಹಾಕಿ ತಿಕ್ಕಿದೆ ನೋಡು. ಒಂದು ಕಲೆ ಉಂಟಾ?”

ಒಂದು ಕಲೆಯೂ ಇರಲಿಲ್ಲ. ಮೂರು ವಾರದಲ್ಲಿ ನಿಧಾನವಾಗಿ ಮೂಡಿದ್ದ ಗೆರೆಗಳೂ ಇರಲಿಲ್ಲ. ಎಳೆ ಗೇರುಬೀಜದ ಸೊನೆ ಚರ್ಮವನ್ನು ಸುಡುತ್ತದೆ ಎಂದು ನಾನು ತರಗತಿಯಲ್ಲಿ ಹೇಳುತ್ತೇನೆ. ವಾರಿಜಕ್ಕನಿಗೂ ಅದು ಚಿಕ್ಕಂದಿನಿಂದ ಗೊತ್ತು. ನನಗಾಗಿ ಮಾಡಿದ ಪಲ್ಯ ನನ್ನ ಮಡಿಲಲ್ಲಿ ಬೆಚ್ಚಗಿತ್ತು.

ಕಡಬದಿಂದ ಪುತ್ತೂರಿಗೆ ಸರಕಾರಿ ಬಸ್ಸು ಸಿಕ್ಕಿತು. ಆಧಾರ್ ತೋರಿಸಿ ಶೂನ್ಯ ದರದ ಟಿಕೆಟ್ ಪಡೆದು ಮುಂದಿನ ಸೀಟಿನಲ್ಲಿ ಕುಳಿತೆವು. ಆಲಂಕಾರು ದಾಟಿ ಶಾಂತಿಮೊಗರಿನ ಸೇತುವೆಗೆ ಬರುವಾಗ ಬಿಸಿಲೇರಿತ್ತು. ಕೆಳಗೆ ಕುಮಾರಧಾರೆ ತೆಳ್ಳಗಾಗಿ, ಮರಳಿನ ಒಂದು ಬದಿಯಲ್ಲಿ ಹರಿಯುತ್ತಿತ್ತು. ತಿರುವುಗಳಲ್ಲಿ ಬಸ್ಸು ಓಲಾಡಿದಾಗ ನಾನು ಎರಡು ಸಲ ಸೀಟಿನಿಂದ ಜಾರಿದೆ. ವಾರಿಜಕ್ಕ ಮುಂದಿನ ಸರಳನ್ನು ಒಂದೇ ಕೈಯಲ್ಲಿ ಹಿಡಿದು ಅಲುಗಾಡದೆ ಕುಳಿತಿದ್ದರು. ಹಿಡಿತ ಎಷ್ಟು ಗಟ್ಟಿಯಾಗಿತ್ತೆಂದರೆ ಉಗುರುಗಳ ಬಣ್ಣ ಬಿಳುಪಿಗೆ ತಿರುಗಿತ್ತು. ಅದನ್ನು ನೋಡಿದೆ; ಆದರೆ ಆಗ ಅದರ ಅರ್ಥ ನನಗೆ ಹೊಳೆಯಲಿಲ್ಲ.

“ಇದೆಲ್ಲ ನನಗೆ ಹೊಸತಾ?” ಎಂದರು ಅವರು. “ಸೊಸೈಟಿಯಲ್ಲಿ ರೇಷನ್ ಅಕ್ಕಿಗೆ ಹೋದ್ರೂ ನನ್ನ ಬೆರಳು ಕೂರುದಿಲ್ಲ. ಒತ್ತಿ ಅಕ್ಕ, ಇನ್ನೂ ಒತ್ತಿ ಅಂತಾನೆ ಆ ಹುಡುಗ. ಒಂದು ದಿನ ಒತ್ತಿದೆ ನೋಡು, ಅವನ ಯಂತ್ರವೇ ಮೇಜಿನಿಂದ ಕೆಳಗೆ ಬಿತ್ತು. ಮರುದಿನದಿಂದ ನನ್ನನ್ನು ಕಂಡ ಕೂಡ್ಲೇ, ಮಗಳನ್ನು ಕಳಿಸಿ ಮಾರಾಯ್ರೆ ಅಂತ ಕೈ ಮುಗೀತಾನೆ.”

ಹಿಂದಿನ ಸೀಟಿನ ಹೆಂಗಸು ನಕ್ಕುಬಿಟ್ಟಳು. ವಾರಿಜಕ್ಕನೂ ನಕ್ಕರು. ಸ್ವಲ್ಪ ಹೊತ್ತಿನ ಮೇಲೆ ಕಿಟಕಿಯ ಕಡೆ ತಿರುಗಿ ಸಣ್ಣ ಸ್ವರದಲ್ಲಿ ಕೇಳಿದರು: “ಇವತ್ತೂ ಆಗದಿದ್ರೆ ನನ್ನನ್ನು ಬಿಟ್ಟು ಹೋಗ್ತೀರಲ್ಲ?”

ಉತ್ತರ ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಹೋಗಬೇಕಾಗುತ್ತಿತ್ತು.

ಪುತ್ತೂರಿನ ಬಸ್ ನಿಲ್ದಾಣದಲ್ಲಿ ಕುಶಾಲಪ್ಪ ಮಾಸ್ಟ್ರು ಕಾಯುತ್ತಿದ್ದರು. ನಮ್ಮ ತಂಡಕ್ಕೆ ಹಗ್ಗ ಹಿಡಿಯಲು ಕಲಿಸಿದವರು, ನಿವೃತ್ತ ವ್ಯಾಯಾಮ ಶಿಕ್ಷಕರು. ಸುಳ್ಯದಿಂದ ಬೆಳಗಿನ ಬಸ್ಸಿಗೆ ಬಂದಿದ್ದರು. ಪೇಟೆಯಲ್ಲಿ ಬೇರೆ ಕೆಲಸವಿದೆ ಎಂದರು, ಯಾವ ಕೆಲಸವೆಂದು ಹೇಳಲಿಲ್ಲ. ನಿಲ್ದಾಣದ ಎದುರಿನ ಹೋಟೆಲಿಗೆ ಕರೆದುಕೊಂಡು ಹೋಗಿ ಬನ್ಸ್, ಚಾ ಹೇಳಿದರು. ಬನ್ಸ್ ಬಿಸಿಯಾಗಿತ್ತು, ಬಾಳೆಹಣ್ಣಿನ ಸಿಹಿ ಹದವಾಗಿತ್ತು. ವಾರಿಜಕ್ಕ ಎರಡು ಮುಗಿಸಿ ಮೂರನೆಯದಕ್ಕೆ ಕೈ ಚಾಚಿದಾಗ ಮಾಸ್ಟ್ರು ತಟ್ಟೆಯನ್ನೇ ಎಳೆದುಕೊಂಡರು.

“ಎಂಟು ಮಂದಿಯ ತೂಕ ಸೇರಿ ಐನೂರು ಕಿಲೋ ದಾಟ್ಲಿಕ್ಕಿಲ್ಲ. ನೆನಪುಂಟಾ?”

“ಬೆರಳಚ್ಚಿಗೂ ತೂಕ ನೋಡ್ತಾರಾ ಮಾಸ್ಟ್ರೇ?”

“ಬೆರಳಚ್ಚು ಆದ್ಮೇಲೆ ಪಂದ್ಯ ಉಂಟಲ್ಲ ಮಾರಾಯ್ತಿ!” ಎಂದವರು ತಟ್ಟೆಯ ಅಂಚಿನಲ್ಲಿದ್ದ ವಾರಿಜಕ್ಕನ ಬೆರಳುಗಳನ್ನು ಆಗ ನೋಡಿದರು. ಕನ್ನಡಕ ಹಾಕಿಕೊಂಡು ಮತ್ತೆ ನೋಡಿದರು. “ಇದೆಂತ ಹೀಗೆ ತಿಕ್ಕಿದ್ದು? ಕೈಯಾ, ಹಂಡೆಯಾ?”

ವಾರಿಜಕ್ಕನ ಮುಖದ ನಗು ಹೋಯಿತು. ತಾವು ಮಾಡಿದ್ದೇನು ಎಂಬುದು ಅವರಿಗೆ ಆ ಕ್ಷಣ ತಿಳಿಯಿತೆಂದು ಕಾಣುತ್ತದೆ. ಬೆರಳುಗಳನ್ನು ಮಡಚಿ ಸೆರಗಿನೊಳಗೆ ಹಾಕಿಕೊಂಡು, “ಕೈ ತೊಳೆದು ಬರ್ತೇನೆ,” ಎಂದು ಎದ್ದುಹೋದರು.

ಮಾಸ್ಟ್ರು ಚಾದ ಲೋಟವನ್ನು ತಿರುಗಿಸುತ್ತ ಕುಳಿತರು. “ಸಾಜಿದಾ, ಅವಳದ್ದು ಆಗದಿದ್ರೆ ಹಗ್ಗಕ್ಕೆ ನೀನು ಬರ್ಬೇಕು. ಮೂರನೆ ಜಾಗಕ್ಕೆ ನಿನ್ನನ್ನು ಹಾಕಿ, ಅಲ್ಲಿದ್ದವಳನ್ನು ಹಿಂದೆ ನಿಲ್ಲಿಸ್ಬೇಕು. ಬೇರೆ ದಾರಿ ಇಲ್ಲ.”

ಎರಡು ವರ್ಷ ನಾನು ಸಾಲಿನ ಹೊರಗೆ ನೀರಿನ ಬಾಟಲಿ ಹಿಡಿದು ನಿಂತವಳು. ಹಗ್ಗ ಹಿಡಿಯುವ ಆಸೆ ನನಗೂ ಇತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ವಾರಿಜಕ್ಕ ಬಿಟ್ಟ ಹಗ್ಗ ನನಗೆ ಬೇಕಿರಲಿಲ್ಲ.

“ನೀವೂ ಬನ್ನಿ ಮಾಸ್ಟ್ರೇ ಮಂಗಳೂರಿಗೆ,” ಎಂದೆ.

“ನಾನು ಬಂದ್ರೆ ಅವಳು ಇನ್ನೂ ಗಟ್ಟಿ ಹಿಡೀತಾಳೆ. ನೀನು ಸಾಕು. ಬೇಕಾದಲ್ಲಿ ಬಾಯಿ ಬಿಟ್ಟು ಮಾತಾಡು. ನಿನ್ನ ಸ್ವರ ಹಗ್ಗದ ನಡುವಿಗೂ ಮುಟ್ಟುದಿಲ್ಲ.”

ಅದು ಹಳೆಯ ತಮಾಷೆ. ಒಮ್ಮೆ ಅವರಿಗೆ ಜ್ವರ ಬಂದಾಗ ಅಭ್ಯಾಸದಲ್ಲಿ ನನ್ನನ್ನು ಕೂಗಲು ನಿಲ್ಲಿಸಿದ್ದರು. ಶಾಲೆಯ ಮೈದಾನದ ಹಲಸಿನ ಮರಕ್ಕೆ ರಾಟೆ ಕಟ್ಟಿ, ಹಗ್ಗದ ಆ ತುದಿಗೆ ಜಲ್ಲಿ ತುಂಬಿದ ಡ್ರಮ್ಮು ತೂಗಿಸಿ ನಾವು ಅಭ್ಯಾಸ ಮಾಡುವುದು. ತಂಡದಲ್ಲಿ ತುಳುವಿನವರು, ಅರೆಭಾಷೆಯವರು, ನನ್ನಂಥ ಬ್ಯಾರಿ ಮಾತಿನವರು, ಒಬ್ಬರು ಮಲಯಾಳದವರು ಇದ್ದೇವೆ. ಎಲ್ಲರಿಗೂ ತಿಳಿಯುವ ತುಳುವಿನಲ್ಲಿ ಮಾಸ್ಟ್ರು ಕೂಗುತ್ತಾರೆ. “ಪತ್ತ್‌ಲೆ” ಎಂದರೆ ಹಿಡಿಯಿರಿ, “ಒಯಿಪುಲೆ” ಎಂದರೆ ಎಳೆಯಿರಿ. ಕೊನೆಗೆ ಡ್ರಮ್ಮು ಇಳಿಸುವಾಗ, ಸ್ವರವನ್ನು ಉದ್ದಕ್ಕೆ ಎಳೆದು, “ಮೆ…ಲ್ಲ ಬುಡ್ಲೆ”. ಮೆಲ್ಲ ಬಿಡಿ. ಒಮ್ಮೆಲೇ ಬಿಟ್ಟರೆ ಡ್ರಮ್ಮು ನೆಲಕ್ಕಪ್ಪಳಿಸುತ್ತದೆ. ಕೈ ಹಗ್ಗದ ಮೇಲೆಯೇ ಇರಬೇಕು, ಹಿಡಿತ ಮಾತ್ರ ಸಡಿಲಬೇಕು. ಆ ದಿನ ನನ್ನ ಕೂಗು ಮುಂದಿನ ಮೂವರಿಗೆ ಮಾತ್ರ ಕೇಳಿಸಿ, ಅವರು ಬಿಟ್ಟರು, ಹಿಂದಿನವರು ಹಿಡಿದೇ ಇದ್ದರು. ಸಾಲು ಅಡ್ಡಬಿದ್ದಿತ್ತು.

ಪುತ್ತೂರಿನಿಂದ ಮಂಗಳೂರಿಗೆ ಐವತ್ತು ಕಿಲೋಮೀಟರು ಇರಬಹುದು. ಮಾಣಿ ದಾಟಿದ ಮೇಲೆ ಹೆದ್ದಾರಿಯ ಕೆಲಸದ ಧೂಳು; ಕಲ್ಲಡ್ಕದಲ್ಲಿ ಬಸ್ಸು ಬಹಳ ಹೊತ್ತು ನಿಂತಿತು. ವಾರಿಜಕ್ಕ ದಾರಿಯುದ್ದಕ್ಕೂ ಒಂದು ಬೆರಳಿನ ತುದಿಯನ್ನು ಇನ್ನೊಂದರಿಂದ ಸವರುತ್ತಿದ್ದರು. ಬಿ.ಸಿ. ರೋಡಿನಲ್ಲಿ ನಾನು ಇಳಿದು ಸಣ್ಣ ಬಾಟಲಿ ಎಣ್ಣೆ ತಂದು ಕೊಟ್ಟೆ. ಹಚ್ಚಿಕೊಂಡರು. ಮುಂದೆ ಹೆದ್ದಾರಿಯ ಬದಿಗೆ ನೇತ್ರಾವತಿ ಕಂಡಾಗ, “ಮಗಳು ಶಾಲೆಯಲ್ಲಿ ಎಲ್ಲರಿಗೂ ಹೇಳಿ ಆಗಿದೆ,” ಎಂದರು.

ಹೋಟೆಲಿನ ಬಾಗಿಲಲ್ಲಿ ಕಾವಲಿನವನು ಚೀಲ ತೆರೆಸಿ ನೋಡಿದ. ಬುತ್ತಿಯನ್ನು ಎತ್ತಿ ಹಿಡಿದು, “ಇದರಲ್ಲಿ ಎಂತ?” ಎಂದ.

“ಗೇರುಬೀಜದ ಪಲ್ಯ, ಚಪಾತಿ,” ಎಂದರು ವಾರಿಜಕ್ಕ.

“ತಿನ್ನುವ ಸಾಮಾನು ಒಳಗೆ ಬಿಡ್ಲಿಕ್ಕಿಲ್ಲ.”

“ಹಾಗಾದ್ರೆ ನಿಮ್ಮ ಹತ್ರ ಇರ್ಲಿ. ಮುಚ್ಚಳ ತೆಗೀಬೇಡಿ ಮತ್ತೆ. ಅಳತೆ ನನಗೆ ಗೊತ್ತುಂಟು.”

ಅವನು ಬುತ್ತಿಯನ್ನು ತನ್ನ ಕುರ್ಚಿಯ ಕೆಳಗಿಟ್ಟುಕೊಂಡ. ವಾರಿಜಕ್ಕ ಮತ್ತೆ ವಾರಿಜಕ್ಕನ ಹಾಗೆ ಮಾತಾಡಿದ್ದು ಕೇಳಿ ನನಗೆ ಸ್ವಲ್ಪ ಧೈರ್ಯ ಬಂತು.

ಮಹಡಿಯ ಕೋಣೆ ತಣ್ಣಗಿತ್ತು. ಫೋನುಗಳನ್ನು ಆರಿಸಿ ಕುಳಿತ ಏಳೆಂಟು ಮಂದಿ, ಎದುರಿನ ಗೋಡೆಯಲ್ಲಿ ಸದ್ದು ಮಾಡಬಾರದೆಂಬ ಫಲಕ. ಬೆರಳುಗಳಿಗೆ ಮದರಂಗಿ, ಗಾಯ, ಬ್ಯಾಂಡೇಜು ಇರಬಾರದೆಂದು ಇನ್ನೊಂದು ಫಲಕ. ತೆಂಗಿನ ನಾರಿನ ವಿಷಯ ಅದರಲ್ಲಿರಲಿಲ್ಲ. ತಂಡದ ಪ್ರತಿನಿಧಿಯೆಂದು ನನ್ನನ್ನು ಒಳಗೆ ಬಿಟ್ಟರು, ಆದರೆ ನೆಲದ ಹಳದಿ ಗೆರೆಯನ್ನು ದಾಟುವಂತಿರಲಿಲ್ಲ. ಗೆರೆಯ ಆಚೆ ಮೇಜು, ಕ್ಯಾಮರಾ, ಹಸಿರು ಬೆಳಕಿನ ಗಾಜಿನ ಫಲಕವಿದ್ದ ಯಂತ್ರ. ಅದರ ಹಿಂದೆ ನನ್ನದೇ ವಯಸ್ಸಿನ ಒಬ್ಬಳು ಹುಡುಗಿ.

ಮೊದಲು ಫೋಟೊ. ವಾರಿಜಕ್ಕ ಗಲ್ಲವೆತ್ತಿ, ಭುಜ ಹಿಂದೆಳೆದು, ಪಂದ್ಯಕ್ಕೆ ಮೊದಲು ತೂಕದ ಯಂತ್ರದ ಮೇಲೆ ನಿಲ್ಲುವ ಹಾಗೆಯೇ ನಿಂತರು. “ಸ್ವಲ್ಪ ಸಾಧಾರಣವಾಗಿ ನಿಂತ್ಕೊಳ್ಳಿ ಅಕ್ಕ,” ಎಂದಳು ಹುಡುಗಿ. ಅವರ ಸಾಧಾರಣ ಭಂಗಿ ಅದೇ ಎಂದು ಅವಳಿಗೆ ಗೊತ್ತಿರಲಿಲ್ಲ.

ಆಮೇಲೆ ಎಡಗೈಯ ನಾಲ್ಕು ಬೆರಳು. ಪರದೆ ಕೆಂಪಾಯಿತು. ಹುಡುಗಿ ಗಾಜನ್ನು ಒರೆಸಿ, ಬೆರಳಿನ ಎಣ್ಣೆಯನ್ನು ಒದ್ದೆ ಬಟ್ಟೆಯಿಂದ ತೆಗೆದು ಮತ್ತೆ ಇಡಿಸಿದಳು. ಮತ್ತೆ ಕೆಂಪು. ಬಲಗೈ ಇಡಿಸಿದಳು. ಕೆಂಪು. “ಮೆಲ್ಲ ಇಡಿ ಅಕ್ಕ, ಒತ್ತಬೇಡಿ,” ಎಂದಳು. ವಾರಿಜಕ್ಕ ತಲೆಯಾಡಿಸಿದರು. ಮತ್ತೆ ಇಟ್ಟರು. ಮತ್ತೆ ಕೆಂಪು.

ಹುಡುಗಿ ಒಳ್ಳೆಯವಳು, ಗದರಲಿಲ್ಲ. “ಗೆರೆ ಸ್ವಲ್ಪ ಉಂಟು, ಇಲ್ಲ ಅಂತ ಅಲ್ಲ,” ಎಂದು ನನ್ನ ಕಡೆ ನೋಡಿದಳು. “ಆದ್ರೆ ಚಿತ್ರ ಬರ್ತಾ ಇಲ್ಲ. ಇನ್ನೊಂದು ಸಲ ನೋಡ್ತೇನೆ. ಆಗದಿದ್ರೆ ಸಿಗಲಿಲ್ಲ ಅಂತ ಬರೆದು ಕಳಿಸ್ಬೇಕಾಗ್ತದೆ. ಮತ್ತೆ ಅವರು ಎಂತ ಹೇಳ್ತಾರೋ, ಎಷ್ಟು ಸಮಯ ತಗೊಳ್ತಾರೋ ನನಗೆ ಗೊತ್ತಿಲ್ಲ.”

ವಾರಿಜಕ್ಕ ಹಿಂದೆ ತಿರುಗಿ ನನ್ನನ್ನು ನೋಡಿದರು. ಸೋಲುವ ಪಂದ್ಯಗಳಲ್ಲಿ ಕೂಡ ಅವರ ಮುಖವನ್ನು ಹಾಗೆ ಕಂಡದ್ದಿಲ್ಲ. ಮತ್ತೆ ಮುಂದೆ ತಿರುಗಿ, ಎಡಗೈಯನ್ನು ಗಾಜಿನ ಮೇಲಿಟ್ಟರು. ಆಗ ಅವರ ಉಗುರುಗಳು ನನಗೆ ಕಂಡವು. ಬಸ್ಸಿನ ಸರಳು ಹಿಡಿದಾಗ ಇದ್ದ ಹಾಗೆಯೇ ಬೆಳ್ಳಗೆ. ಮೊಣಕೈಯವರೆಗೆ ನರಗಳು ಎದ್ದಿದ್ದವು. ಮೇಜೇ ಒಂದಿಷ್ಟು ಹಿಂದಕ್ಕೆ ಸರಿದಿತ್ತು. ಮೆಲ್ಲ ಇಡಿ ಎಂದು ಯಾರು ಹೇಳಿದರೂ ಅವರ ಕಿವಿಗೆ ಹೋಗುತ್ತಿತ್ತು, ಕೈಗೆ ಹೋಗುತ್ತಿರಲಿಲ್ಲ. ಹನ್ನೆರಡು ವರ್ಷ ಹಗ್ಗ ಕಲಿಸಿದ್ದು ಹಿಡಿಯುವುದನ್ನು. ಸೊಸೈಟಿಯ ಯಂತ್ರ ಕಲಿಸಿದ್ದು ಒತ್ತುವುದನ್ನು. ಉಳಿದಿದ್ದ ಅಷ್ಟಿಷ್ಟು ಗೆರೆಗಳನ್ನೂ ಅವರು ಗಾಜಿಗೆ ಒತ್ತಿ ಚಪ್ಪಟೆ ಮಾಡುತ್ತಿದ್ದರು.

ಆ ಕೈ ಸಡಿಲುವುದು ಒಂದೇ ಕೂಗಿಗೆ. ಕೂಗುವವರು ಪುತ್ತೂರಿನಲ್ಲಿದ್ದರು, ಫೋನು ಆರಿತ್ತು.

ನಾನು ಎದ್ದು ಹಳದಿ ಗೆರೆಯ ತನಕ ಹೋದೆ. ತುಂಬಿದ ತರಗತಿಯಲ್ಲೂ ನಾನು ಮೈಕು ಹಿಡಿಯುತ್ತೇನೆ. ಮನೆಯಲ್ಲಿ ಉಮ್ಮ, ನಿನ್ನ ಮಾತು ಕೇಳಲು ಅಡುಗೆಮನೆಯ ಮಿಕ್ಸಿ ನಿಲ್ಲಿಸಬೇಕು ಎನ್ನುತ್ತಾರೆ. ಉಸಿರೆಳೆದುಕೊಂಡೆ. ಮಾಸ್ಟ್ರು ಎಳೆಯುವಷ್ಟೇ ಉದ್ದಕ್ಕೆ ಎಳೆದೆ.

“ಮೆ…ಲ್ಲ ಬುಡ್ಲೆ!”

ಕೋಣೆಯಲ್ಲಿದ್ದವರೆಲ್ಲ ಬೆಚ್ಚಿಬಿದ್ದರು. ಯಾರದೋ ಮಡಿಲಿನ ಕಾಗದಗಳು ನೆಲಕ್ಕೆ ಜಾರಿದವು. ನಾನು ಯಾರನ್ನೂ ನೋಡಲಿಲ್ಲ, ಆ ಕೈಯನ್ನೇ ನೋಡುತ್ತಿದ್ದೆ. ವಾರಿಜಕ್ಕನ ಭುಜ ಇಳಿಯಿತು. ಆಮೇಲೆ ಮೊಣಕೈ. ಆಮೇಲೆ ಮಣಿಕಟ್ಟು. ಬೆರಳುಗಳು ಗಾಜಿನ ಮೇಲೆಯೇ ಇದ್ದವು. ಉಗುರುಗಳಿಗೆ ನಿಧಾನವಾಗಿ ಬಣ್ಣ ಬಂತು.

ಪರದೆ ಹಸಿರಾಯಿತು.

ಹುಡುಗಿ ಪರದೆಯನ್ನು ನೋಡಿದಳು, ನನ್ನನ್ನು ನೋಡಿದಳು, ಗೋಡೆಯ ಫಲಕವನ್ನು ನೋಡಿದಳು. ಅವಳಿಗೂ ತುಳು ಬರುತ್ತಿತ್ತು. ತುಟಿ ಬಿಗಿಹಿಡಿದು ನಗು ತಡೆದುಕೊಂಡಳು. “ಬಲಗೈ,” ಎಂದವಳು, ಬೆರಳು ಇಡಿಸಿ, ತಾನೇ ಮೆತ್ತಗೆ, “ಮೆಲ್ಲ ಬುಡ್ಲೆ ಅಕ್ಕ,” ಎಂದಳು. ಕೆಂಪು.

“ನೀವು ಹೇಳಿದ್ರೆ ಆಗುದಿಲ್ಲ,” ಎಂದರು ವಾರಿಜಕ್ಕ. “ನಮ್ಮ ತಂಡದವಳೇ ಹೇಳ್ಬೇಕು.”

ಮತ್ತೆ ಕೂಗಿದೆ. ಬಲಗೈಯ ಮೂರು ಬೆರಳು ಬಂದವು, ಕಿರುಬೆರಳು ಬರಲಿಲ್ಲ. ಇನ್ನೊಮ್ಮೆ ಕೂಗಿದೆ, ಅದೂ ಬಂತು. ಹೆಬ್ಬೆರಳುಗಳ ಹೊತ್ತಿಗೆ ಕುರ್ಚಿಯಲ್ಲಿದ್ದ ಒಬ್ಬ ಅಜ್ಜ ನನ್ನ ಜೊತೆಗೇ ದನಿಗೂಡಿಸಿದರು. ಅವರ ಮಗಳು ಅವರ ತೋಳು ಹಿಡಿದು ಕೂರಿಸಿದಳು. ಹಸಿರು. ಹುಡುಗಿ ಚೀಟಿಗೆ ಮೊಹರು ಒತ್ತಿ ವಾರಿಜಕ್ಕನ ಕೈಗೆ ಕೊಟ್ಟು, “ಹತ್ತೂ ಬಂತು ಅಕ್ಕ,” ಎಂದಳು. ಅನಂತರ ನನ್ನ ಕಡೆ ತಿರುಗಿ, ಫಲಕ ತೋರಿಸಿ, “ಇನ್ನು ಹೊರಗೆ ಹೋಗಿ ಮಾತಾಡಿ ಮಾರಾಯ್ರೆ!” ಎಂದಳು.

ಕೆಳಗೆ ಕಾವಲಿನವನು ಬುತ್ತಿ ಹಿಂದಿರುಗಿಸಿದ. ವಾರಿಜಕ್ಕ ಅದನ್ನು ಕೈಯಲ್ಲಿ ತೂಗಿ ನೋಡಿ, ಸರಿಯಾಗಿದೆ ಎಂದು ತಲೆಯಾಡಿಸಿದರು.

ಮಧ್ಯಾಹ್ನದ ಪ್ಯಾಸೆಂಜರ್ ರೈಲಿನಲ್ಲಿ ಹಿಂತಿರುಗಿದೆವು. ಒಬ್ಬರಿಗೆ ಇಪ್ಪತ್ತೈದು ರೂಪಾಯಿ ಟಿಕೆಟ್, ಡಬ್ಬಿ ಅರ್ಧ ಖಾಲಿ. ರೈಲು ಮಂಗಳೂರು ಬಿಟ್ಟ ಕೂಡಲೇ ಬುತ್ತಿ ತೆರೆದೆವು. ಎಳೆ ಗೇರುಬೀಜ ಬೆಣ್ಣೆಯ ಹಾಗೆ ಬೆಂದಿತ್ತು, ಮೇಲಿಷ್ಟು ಕಾಯಿತುರಿ, ಒಗ್ಗರಣೆಯ ಕರಿಬೇವು. ನಾನು ಅಷ್ಟು ಪಲ್ಯ ತಿಂದದ್ದು ಅದೇ ಮೊದಲು. ವಾರಿಜಕ್ಕ ನಾಲ್ಕನೆಯ ಚಪಾತಿಯನ್ನು ಮುಟ್ಟುವ ಮೊದಲು ಅತ್ತಿತ್ತ ನೋಡಿ, “ಮಾಸ್ಟ್ರಿಗೆ ಹೇಳ್ಬೇಡ,” ಎಂದರು.

ಹೇಳುವ ಅಗತ್ಯ ಬೀಳಲಿಲ್ಲ. ಪುತ್ತೂರು ಸ್ಟೇಶನ್ನಿನಲ್ಲಿ ಮಾಸ್ಟ್ರು ಪ್ಲಾಟ್‌ಫಾರ್ಮಿನ ಮೇಲೆ ನಿಂತು ಪ್ರತಿ ಕಿಟಕಿಯನ್ನೂ ಇಣುಕುತ್ತಿದ್ದರು. ಪೇಟೆಯಲ್ಲಿ ಅವರಿಗಿದ್ದ ಕೆಲಸ ಏನೆಂದು ಆಗ ಗೊತ್ತಾಯಿತು. ವಾರಿಜಕ್ಕ ಕಿಟಕಿಯ ಸರಳುಗಳ ನಡುವಿನಿಂದ ಹತ್ತೂ ಬೆರಳುಗಳನ್ನು ಹೊರಗೆ ಚಾಚಿ ಆಡಿಸಿದರು.

“ಹತ್ತೂ?” ಎಂದರು ಮಾಸ್ಟ್ರು.

“ಹತ್ತೂ! ಇವಳು ಕೂಗಿದ್ದು ಮಾಸ್ಟ್ರೇ, ಮೆಲ್ಲ ಬುಡ್ಲೆ ಅಂತ. ಆ ಹೋಟೆಲಿನ ಗಾಜೆಲ್ಲ ನಡುಗಿತು.”

“ಇವಳಾ?”

“ಮತ್ತೆ ಯಾರು?”

ಅವರು ನನ್ನನ್ನು ನೋಡಿದರು. ರೈಲು ಹೊರಟಿತು. ಅವರು ಅದರ ಜೊತೆಗೆ ನಾಲ್ಕು ಹೆಜ್ಜೆ ನಡೆದು, “ಇನ್ನು ಮೇಲೆ ಡ್ರಮ್ಮು ಇಳಿಸುವಾಗ ನೀನೇ ಕೂಗು,” ಎಂದರು. ಪ್ಲಾಟ್‌ಫಾರ್ಮು ಮುಗಿಯುವ ತನಕ ಅವರ ಬಿಳಿ ಅಂಗಿ ಕಾಣುತ್ತಿತ್ತು.

ನರಿಮೊಗರು, ಕಾಣಿಯೂರು, ಎಡಮಂಗಲ. ಪ್ರತಿ ಸ್ಟೇಶನ್ನಿನಲ್ಲೂ ಒಬ್ಬಿಬ್ಬರು ಇಳಿದರು. ವಾರಿಜಕ್ಕ ಮೊಹರು ಬಿದ್ದ ಚೀಟಿಯನ್ನು ಮತ್ತೆ ಮತ್ತೆ ಬಿಡಿಸಿ ನೋಡಿ, ಕೊನೆಗೆ ಕಳೆದುಹೋದೀತೆಂದು ನನ್ನ ಫೈಲಿನಲ್ಲಿ ಇಡಿಸಿದರು. ಇದನ್ನು ಬರೆಯುವ ಹೊತ್ತಿಗೆ ಒಂಬತ್ತು ಪಾಸ್‌ಪೋರ್ಟುಗಳೂ ವೀಸಾ ಸಹಿತ ಮಾಸ್ಟ್ರ ಕಪಾಟಿನಲ್ಲಿವೆ. ನಾನು ಒಂಬತ್ತನೆಯವಳಾಗಿಯೇ ಹೋಗುತ್ತಿದ್ದೇನೆ. ನೀರಿನ ಬಾಟಲಿ ಹಿಡಿಯುವ ಕೆಲಸ ಹಾಗೆಯೇ ಇದೆ. ಅದರ ಜೊತೆಗೆ ಈಗ ಇನ್ನೊಂದು ಕೆಲಸವೂ ಇದೆ.

ಕೋಡಿಂಬಾಳದಲ್ಲಿ ಇಳಿದಾಗ ಬಿಸಿಲು ಇಳಿಮುಖವಾಗಿತ್ತು. ಕಡಬಕ್ಕೆ ಹೊರಟಿದ್ದ ಆಟೋ ಹತ್ತಿದೆವು. ಬೆಳಿಗ್ಗೆ ಹತ್ತಿದ ತಿರುವಿನಲ್ಲಿಯೇ ವಾರಿಜಕ್ಕ ಇಳಿದರು. ಮನೆಯಂಗಳದ ಹಗ್ಗದಲ್ಲಿ ಗಂಡ ಒಣಹಾಕಿದ್ದ ರಬ್ಬರ್ ಶೀಟುಗಳು ಸಾಲಾಗಿ ತೂಗುತ್ತಿದ್ದವು. ಮಗಳು ಶಾಲೆಯ ಬಟ್ಟೆಯಲ್ಲೇ ಗೇಟಿನ ಹತ್ತಿರ ನಿಂತಿದ್ದಳು. ಅಮ್ಮನ ಮುಖ ನೋಡಿದವಳೇ, ಕೇಳಬೇಕಾದ್ದನ್ನೂ ಕೇಳದೆ ಒಳಗೆ ಓಡಿ, “ಆಯ್ತಂತೆ! ಆಯ್ತಂತೆ!” ಎಂದು ಅಜ್ಜಿಗೆ ಕೂಗಿ ಹೇಳಿದಳು.

“ಅದ್ಯಾರು ಅಕ್ಕ, ಪರದೇಶಕ್ಕೆ ಹೋಗುವವರಾ?” ಎಂದು ಆಟೋದವನು ಕೇಳಿದ. ಇಂಥ ಪ್ರಶ್ನೆಗಳಿಗೆ ನಾನು ಸಾಮಾನ್ಯವಾಗಿ ಹೂಂ ಎಂದಷ್ಟೇ ಹೇಳುವವಳು.

“ನಮ್ಮ ಆ್ಯಂಕರ್,” ಎಂದೆ, ಎಂಜಿನ್ನಿನ ಸದ್ದಿಗಿಂತ ಗಟ್ಟಿಯಾಗಿ.

ಆಟೋ ಚಲಿಸಿತು. ಹಿಂದಿರುಗಿ ನೋಡಿದೆ. ವಾರಿಜಕ್ಕ ಗೇಟಿನಲ್ಲೇ ನಿಂತು ನನ್ನನ್ನು ಬೆರಳುಮಾಡಿ ತೋರಿಸುತ್ತ ನಗುತ್ತಿದ್ದರು. ಯಾಕೆಂದು ತಿಳಿಯದೆ ನನ್ನ ಮಡಿಲು ನೋಡಿಕೊಂಡೆ. ಚೀಟಿ ಇಟ್ಟಾಗಿನಿಂದ ಇಲ್ಲಿಯ ತನಕ ಆ ಫೈಲನ್ನು ಎರಡೂ ಕೈಗಳಲ್ಲಿ ಎದೆಗೆ ಅವುಚಿ ಹಿಡಿದೇ ಇದ್ದೆ. ನನ್ನ ಉಗುರುಗಳು ಬೆಳ್ಳಗಾಗಿದ್ದವು.

ತಿರುವಿನ ಆಚೆಯಿಂದ, ಮೈದಾನದ ಈ ತುದಿಗೂ ಆ ತುದಿಗೂ ಕೇಳಿಸುವ ಸ್ವರದಲ್ಲಿ ಅವರ ಕೂಗು ಬಂತು.

“ಸಾಜೀ, ಮೆ…ಲ್ಲ ಬುಡ್ಲೆ!”

ಬಿಟ್ಟೆ, ಮೆಲ್ಲಗೆ.